ಪರಮಾಣುಗಳ ಆಡಿಟ್: ಎಂಟ್ಯಾಂಗಲ್‌ಮೆಂಟ್ ಅಳೆಯೋದು ಹೇಗೆ?

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದಲು ಸುಲಭವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

 

ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಹಿಂದೆ ಒಂದು ಎಪಿಸೋಡ್ ಮಾಡಿದ್ದೆ. ಅದಕ್ಕೆ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೇಳಿದವನು ಎಂಜಿನಿಯರಿಂಗ್ ಓದ್ತಿರೋ ಹುಡುಗ. "ಅಕ್ಕಾ, ಇಷ್ಟು ಕ್ಯೂಬಿಟ್ ಎಂಟ್ಯಾಂಗಲ್ ಮಾಡಿದ್ವಿ ಅಂತ ಎಲ್ಲರೂ ಹೇಳ್ತಾರೆ. ಅದನ್ನ ಕಣ್ಣಾರೆ ನೋಡಿದೋರು ಯಾರು? ಅಳೆಯೋಕೆ ಮೀಟರ್ ಏನಾದ್ರೂ ಇದ್ಯಾ?"

ನಾನು ಬಿ.ಕಾಂ. ಓದಿದವಳು. ಫಿಸಿಕ್ಸ್ ನನ್ನ ಊರಲ್ಲ. ಆದ್ರೆ ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಇದು ಆಡಿಟರ್ ಕೇಳೋ ಪ್ರಶ್ನೆ. "ಸ್ಟಾಕ್ ಇದೆ ಅಂತೀರಲ್ಲ, ತೋರಿಸಿ." ಹಾಗಾಗಿ ಇವತ್ತು ಈ ಎಪಿಸೋಡ್ ಪೂರ್ತಿ ಅದೇ: ತುಂಬಾ ಕಣಗಳು ಒಂದಕ್ಕೊಂದು ಹೆಣೆದುಕೊಂಡಿವೆ ಅನ್ನೋದನ್ನ ಲ್ಯಾಬ್‌ನಲ್ಲಿ ಹೇಗೆ ಅಳೀತಾರೆ?

ಮೊದಲು, ಅದು ಏನಲ್ಲ ಅಂತ

ಎಂಟ್ಯಾಂಗಲ್‌ಮೆಂಟ್ ಅಂದ ಕೂಡಲೇ ಒಂದು ಉದಾಹರಣೆ ಕೊಡ್ತಾರೆ. ಒಂದು ಜೊತೆ ಚಪ್ಪಲಿಯನ್ನ ಎರಡು ಡಬ್ಬದಲ್ಲಿ ಹಾಕಿ ಒಂದನ್ನ ಬೀದರ್‌ಗೆ, ಇನ್ನೊಂದನ್ನ ಮಂಗಳೂರಿಗೆ ಕಳಿಸಿ. ಬೀದರ್‌ನಲ್ಲಿ ತೆಗೆದಾಗ ಎಡಗಾಲಿನದು ಸಿಕ್ಕಿದ್ರೆ, ಮಂಗಳೂರಿನದು ಬಲಗಾಲಿನದು ಅಂತ ತಕ್ಷಣ ಗೊತ್ತಾಗುತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಎಂಟ್ಯಾಂಗಲ್‌ಮೆಂಟ್ ಇದಲ್ಲ. ಡಬ್ಬ ತೆಗೆಯೋ ಮೊದಲೇ ಚಪ್ಪಲಿ ಎಡವೋ ಬಲವೋ ಅಂತ ತೀರ್ಮಾನ ಆಗಿರುತ್ತೆ. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಕಣಗಳ ಕಥೆ ಬೇರೆ. 1964ರಲ್ಲಿ ಜಾನ್ ಬೆಲ್ ಅನ್ನೋ ಭೌತವಿಜ್ಞಾನಿ ಒಂದು ಪರೀಕ್ಷೆ ಬರೆದುಕೊಟ್ಟರು. ಉತ್ತರಗಳು ಚಪ್ಪಲಿ ಥರ ಮೊದಲೇ ನಿಗದಿಯಾಗಿದ್ದು, ಒಂದು ಕಡೆ ಮಾಡಿದ ಅಳತೆ ದೂರದ ಇನ್ನೊಂದು ಕಡೆಯನ್ನ ಮುಟ್ಟದೇ ಇದ್ದರೆ, ಎರಡು ಕಡೆಯ ಉತ್ತರಗಳ ನಡುವಿನ ಹೊಂದಾಣಿಕೆ ಒಂದು ಮಿತಿ ದಾಟೋ ಹಾಗಿಲ್ಲ. ಪ್ರಯೋಗ ಮಾಡಿದಾಗ ಆ ಮಿತಿ ದಾಟಿತು. ಈ ಕೆಲಸಕ್ಕೇ ಅಲೆನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಜೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಅದು ಎರಡು ಕಣದ ಲೆಕ್ಕ. ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ಇರೋದು ಹತ್ತು, ಇಪ್ಪತ್ತು, ನೂರು. ಅಲ್ಲಿ ಯಾರ ಜೊತೆ ಯಾರು, ಎಷ್ಟರ ಮಟ್ಟಿಗೆ ಹೆಣೆದುಕೊಂಡಿದ್ದಾರೆ ಅಂತ ಹೇಳೋದು ಹೇಗೆ?

ಒಟ್ಟು ಲೆಕ್ಕ ಪಕ್ಕಾ, ಬ್ರಾಂಚ್ ಲೆಕ್ಕ ಖಾಲಿ

ಒಂದು ಕಂಪನಿ ಇದೆ ಅಂದ್ಕೊಳ್ಳಿ. ಹುಬ್ಬಳ್ಳಿಯಲ್ಲಿ ಒಂದು ಬ್ರಾಂಚ್, ಮೈಸೂರಲ್ಲಿ ಒಂದು. ಕಂಪನಿಯ ಪೂರ್ತಿ ಲೆಕ್ಕ ಒಂದು ಪೈಸೆಯೂ ಬಿಡದೆ ನನ್ನ ಕೈಯಲ್ಲಿದ್ದರೆ, ಹುಬ್ಬಳ್ಳಿ ಬ್ರಾಂಚ್‌ನ ಲೆಕ್ಕವೂ ನನಗೆ ಗೊತ್ತು ಅಂತಲೇ ಅರ್ಥ. ಇದು ನಮ್ಮ ಪ್ರಪಂಚದ ನಿಯಮ. ಪೂರ್ತಿ ಗೊತ್ತಿದ್ರೆ ಭಾಗವೂ ಗೊತ್ತು.

ಕ್ವಾಂಟಮ್ ಪ್ರಪಂಚದಲ್ಲಿ ಈ ನಿಯಮ ಮುರಿದು ಬೀಳುತ್ತೆ. ಎಂಟ್ಯಾಂಗಲ್‌ಮೆಂಟ್ ಅನ್ನೋ ಹೆಸರನ್ನ 1935ರಲ್ಲಿ ಕೊಟ್ಟವರು ಎರ್ವಿನ್ ಶ್ರೋಡಿಂಗರ್. ಅವರು ಗುರುತಿಸಿದ್ದೂ ಇದನ್ನೇ: ಪೂರ್ತಿ ವ್ಯವಸ್ಥೆಯ ಬಗ್ಗೆ ತಿಳಿಯಬಹುದಾದ್ದೆಲ್ಲ ತಿಳಿದಿದ್ದರೂ, ಅದರ ಭಾಗಗಳ ಬಗ್ಗೆ ಅಷ್ಟೇ ಚೆನ್ನಾಗಿ ತಿಳಿದಿರಬೇಕು ಅಂತೇನಿಲ್ಲ.

ಎರಡು ಕಣಗಳು ಪೂರ್ತಿಯಾಗಿ ಹೆಣೆದುಕೊಂಡಿದ್ದರೆ, ಜೋಡಿಯ ಸ್ಥಿತಿ ಏನು ಅಂತ ಒಂದು ಚೂರೂ ಅನುಮಾನ ಇಲ್ಲದೆ ಹೇಳಬಹುದು. ಆದ್ರೆ ಒಂದೇ ಕಣವನ್ನ ಪ್ರತ್ಯೇಕ ನೋಡಿದ್ರೆ? ನಾಣ್ಯ ಚಿಮ್ಮಿದ ಹಾಗೆ. ಯಾವ ಕೋನದಿಂದ ನೋಡಿದ್ರೂ ಅರ್ಧ ಸಲ ಇದು, ಅರ್ಧ ಸಲ ಅದು. ಮಾಹಿತಿ ಎಲ್ಲೂ ಕಳೆದುಹೋಗಿಲ್ಲ, ಅದು ಎರಡರ ನಡುವಿನ ಸಂಬಂಧದಲ್ಲಿದೆ. ಒಂದೊಂದರಲ್ಲಿ ಹುಡುಕಿದ್ರೆ ಸಿಗಲ್ಲ.

ಅಂದ್ರೆ ನಾವು ಹುಡುಕಬೇಕಾದ ಗುರುತು ಇದು: ಪೂರ್ತಿಗಿಂತ ಭಾಗವೇ ಹೆಚ್ಚು ಅಸ್ತವ್ಯಸ್ತ. ಇದೊಂದನ್ನ ನೆನಪಿಟ್ಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಈ ಅಸ್ತವ್ಯಸ್ತತೆಗೆ ಇರೋ ಅಳತೆಯ ಹೆಸರು ಎಂಟ್ರೊಪಿ.

ಹಳೇ ದಾರಿ: ಎಲ್ಲಾ ವೋಚರ್ ನೋಡೋದು

ಒಂದು ಕಣವನ್ನ ಒಮ್ಮೆ ಅಳೆದರೆ ಸಿಗೋದು ಒಂದೇ ಉತ್ತರ, ಅಳೆದ ಕೂಡಲೇ ಹಳೇ ಸ್ಥಿತಿ ಹೋಯ್ತು. ಹಾಗಾಗಿ ವಿಜ್ಞಾನಿಗಳು ಅದೇ ಸ್ಥಿತಿಯನ್ನ ಮತ್ತೆ ಮತ್ತೆ ತಯಾರಿಸ್ತಾರೆ, ಪ್ರತಿ ಸಲ ಬೇರೆ ಕೋನದಿಂದ ಅಳೀತಾರೆ, ಕೊನೆಗೆ ಎಲ್ಲವನ್ನೂ ಸೇರಿಸಿ ಪೂರ್ತಿ ಚಿತ್ರ ಕಟ್ತಾರೆ. ಇದಕ್ಕೆ ಟೊಮೊಗ್ರಫಿ ಅಂತಾರೆ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಲ್ಲಿರೋ 'ಟಿ' ಇದೇ ಟೊಮೊಗ್ರಫಿ.

2005ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 8 ಕ್ಯಾಲ್ಸಿಯಂ ಅಯಾನುಗಳ ಮೇಲೆ ಇದನ್ನ ಮಾಡಿದ್ರು. ಪ್ರತಿ ಅಯಾನನ್ನ 3 ದಿಕ್ಕಿನಿಂದ ನೋಡಬೇಕು. 8 ಅಯಾನು ಅಂದ್ರೆ 3ನ್ನ 8 ಸಲ ಗುಣಿಸಬೇಕು, 6,561 ಬಗೆಯ ಅಳತೆ. ಪ್ರತಿಯೊಂದನ್ನ 100 ಸಲ. ಒಟ್ಟು 6,56,100 ಅಳತೆಗಳು, 10 ಗಂಟೆ ಕೆಲಸ.

ಪರವಾಗಿಲ್ಲ ಅನ್ಸುತ್ತೆ ಅಲ್ವಾ? ಈಗ 20 ಅಯಾನು ತಗೊಳ್ಳಿ. 3ನ್ನ 20 ಸಲ ಗುಣಿಸಿದ್ರೆ ಸುಮಾರು 348 ಕೋಟಿ ಬಗೆಯ ಅಳತೆ. ಅದೇ ವೇಗದಲ್ಲಿ ಮಾಡಿದ್ರೆ ಎಷ್ಟು ಹೊತ್ತು ಅಂತ ನಾನು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ. 600 ವರ್ಷಕ್ಕಿಂತ ಜಾಸ್ತಿ. ವಿಜಯನಗರದ ಎರಡನೇ ದೇವರಾಯನ ಕಾಲದಲ್ಲಿ ಶುರು ಮಾಡಿದ್ದರೆ ಈಗ ಮುಗೀತಿತ್ತೇನೋ.

ದೊಡ್ಡ ಕಂಪನಿಯ ಆಡಿಟ್‌ನಲ್ಲಿ ಒಂದೊಂದು ವೋಚರನ್ನೂ ತೆಗೆದು ನೋಡೋಕಾಗಲ್ಲ. ಇಲ್ಲೂ ಅದೇ ಪಾಡು. ಬೇಕಾಗಿರೋದು ಪೂರ್ತಿ ಚಿತ್ರ ಅಲ್ಲ, ಎಷ್ಟು ಅಸ್ತವ್ಯಸ್ತ ಅನ್ನೋ ಒಂದೇ ಒಂದು ಸಂಖ್ಯೆ. ಅದನ್ನ ಮಾತ್ರ ನೇರವಾಗಿ ತೆಗೆಯೋಕಾಗುತ್ತಾ?

ಶೋಲೆ ನಾಣ್ಯದ ಪರೀಕ್ಷೆ

ಆಗುತ್ತೆ. ಉಪಾಯ ನಾಣ್ಯದಲ್ಲೇ ಇದೆ.

ಮಾಮೂಲಿ ನಾಣ್ಯ ಎರಡು ತಗೊಂಡು ಒಟ್ಟಿಗೆ ಚಿಮ್ಮಿ. ಎರಡೂ ಒಂದೇ ಮುಖ ಬೀಳೋ ಸಾಧ್ಯತೆ ಅರ್ಧ, ಅಂದ್ರೆ 0.5. ಎರಡು ಲೂಡೋ ದಾಳ ಎಸೆದ್ರೆ ಎರಡರಲ್ಲೂ ಒಂದೇ ಸಂಖ್ಯೆ ಬರೋ ಸಾಧ್ಯತೆ ಆರರಲ್ಲಿ ಒಂದು. ಈಗ ನಮ್ಮ ರಾಮನಗರದ ಬಂಡೆಗಳ ನಡುವೆ ಶೂಟಿಂಗ್ ಆದ ಶೋಲೆ ಸಿನಿಮಾ ನೆನಪಿಸ್ಕೊಳ್ಳಿ. ಅದರಲ್ಲಿ ಜೈ ಹತ್ತಿರ ಎರಡೂ ಕಡೆ ಒಂದೇ ಮುಖ ಇರೋ ನಾಣ್ಯ ಇತ್ತಲ್ಲ? ಅಂಥ ನಾಣ್ಯ ಎರಡಿದ್ದರೆ ಪ್ರತಿ ಸಲವೂ ಒಂದೇ ಮುಖ. ಸಾಧ್ಯತೆ 1.

ನೋಡಿ, ಅನಿಶ್ಚಿತತೆ ಹೆಚ್ಚಿದಷ್ಟೂ ಎರಡು ಪ್ರತಿಗಳು ಹೊಂದಿಕೊಳ್ಳೋದು ಕಡಿಮೆ. ಒಂದೇ ಥರದ ಎರಡನ್ನ ಪಕ್ಕಪಕ್ಕ ಇಟ್ಟು ಎಷ್ಟು ಸಲ ಹೊಂದುತ್ತೆ ಅಂತ ಎಣಿಸಿದ್ರೆ ಸಾಕು, ಒಳಗಿನ ಪೂರ್ತಿ ವಿವರ ಬೇಕಾಗಿಲ್ಲ. ಈ ಸಂಖ್ಯೆಗೆ ಪ್ಯೂರಿಟಿ, ಅಂದ್ರೆ ಶುದ್ಧತೆ, ಅಂತಾರೆ. ಬಂಗಾರದ ಕ್ಯಾರೆಟ್ ಥರ. 1 ಅಂದ್ರೆ ಅಪ್ಪಟ, ಕಡಿಮೆ ಆದಷ್ಟೂ ಬೆರಕೆ. ಶುದ್ಧತೆ ಗೊತ್ತಾದ್ರೆ ಅದರಿಂದ ಎಂಟ್ರೊಪಿ ಲೆಕ್ಕ ಹಾಕೋದು ಒಂದೇ ಹೆಜ್ಜೆ. ಅದಕ್ಕೆ ಎರಡನೇ ದರ್ಜೆಯ ರೆನ್ಯಿ ಎಂಟ್ರೊಪಿ ಅಂತ ಹೆಸರು.

ಆದ್ರೆ ಕಣಗಳನ್ನ ನಾಣ್ಯದ ಥರ ಸುಮ್ಮನೆ ನೋಡಿ ಹೋಲಿಸಿದ್ರೆ ಸಾಲದು. ಯಾವ ಕೋನದಿಂದ ನೋಡ್ತೀವಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಹಾಗಾಗಿ ಎರಡು ಪ್ರತಿಗಳು ತಾವೇ ಒಂದಕ್ಕೊಂದು ಎದುರಾಗಿ ಹೋಲಿಸಿಕೊಳ್ಳೋ ಹಾಗೆ ಮಾಡಬೇಕು.

ಇಲ್ಲಿ ಒಬ್ಬರು ಕೈ ಎತ್ತಬಹುದು: ಕ್ವಾಂಟಮ್ ಸ್ಥಿತಿಯನ್ನ ಕಾಪಿ ಮಾಡೋಕಾಗಲ್ಲ ಅಂತಾರಲ್ಲ? ನಿಜ. ಗೊತ್ತಿಲ್ಲದ ಸ್ಥಿತಿಯನ್ನ ಜೆರಾಕ್ಸ್ ಮಾಡೋಕಾಗಲ್ಲ. ಆದ್ರೆ ಒಂದೇ ಹಿಟ್ಟು, ಒಂದೇ ತಟ್ಟೆ, ಒಂದೇ ಉರಿಯಲ್ಲಿ ಎರಡು ಇಡ್ಲಿ ಬೇಯಿಸೋಕೆ ಯಾವ ಅಡ್ಡಿಯೂ ಇಲ್ಲ.

ಹಾರ್ವರ್ಡ್, 2015: ನಾಲ್ಕು ಪರಮಾಣುಗಳ ಎರಡು ಸಾಲು

ಆ ಎರಡು ಇಡ್ಲಿ ಬೇಯಿಸಿದ್ದು ಹಾರ್ವರ್ಡ್‌ನಲ್ಲಿ ಮಾರ್ಕಸ್ ಗ್ರೈನರ್ ಅವರ ತಂಡ. ಫಲಿತಾಂಶ 2015ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮೊದಲ ಲೇಖಕರು ರಾಜಿಬುಲ್ ಇಸ್ಲಾಂ.

ಲೇಸರ್ ಕಿರಣಗಳನ್ನ ಅಡ್ಡ ಉದ್ದ ಹಾಯಿಸಿದ್ರೆ ಬೆಳಕಿನಲ್ಲೇ ಗುಳಿಗಳ ಸಾಲು ಆಗುತ್ತೆ, ಅಳಿಗುಳಿ ಮಣೆ ಥರ. ಗುಳಿಯಿಂದ ಗುಳಿಗೆ ಇರೋ ದೂರ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ತುಂಬಾ ತಣ್ಣಗೆ ಮಾಡಿದ ರುಬಿಡಿಯಂ ಪರಮಾಣುಗಳನ್ನ ಒಂದು ಗುಳಿಗೆ ಒಂದರಂತೆ ಕೂರಿಸಿದ್ರು. ನಾಲ್ಕು ಗುಳಿಯ ಒಂದು ಸಾಲು, ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಸಾಲು. ಇವೇ ಎರಡು ಪ್ರತಿಗಳು.

ಗುಳಿ ಆಳವಾಗಿದ್ದಾಗ ಪರಮಾಣುಗಳು ತಮ್ಮ ತಮ್ಮ ಜಾಗದಲ್ಲಿ ಅಲ್ಲಾಡದೆ ಕೂತಿರ್ತವೆ. ಗುಳಿಯ ಆಳ ಕಡಿಮೆ ಮಾಡ್ತಾ ಬಂದ್ರೆ ಸಾಲಿನೊಳಗೆ ಆ ಕಡೆ ಈ ಕಡೆ ಜಿಗಿಯೋಕೆ ಶುರು ಮಾಡ್ತವೆ. ಆಗ ಯಾವ ಗುಳಿಯಲ್ಲಿ ಎಷ್ಟಿವೆ ಅನ್ನೋದು ಬೇರೆ ಗುಳಿಗಳ ಜೊತೆ ಹೆಣೆದುಕೊಳ್ಳುತ್ತೆ. ಹೋಲಿಕೆಯ ಹೊತ್ತಿಗೆ ಗುಳಿಗಳನ್ನ ಮತ್ತೆ ಆಳ ಮಾಡಿ ಸಾಲಿನೊಳಗಿನ ಓಡಾಟ ನಿಲ್ಲಿಸ್ತಾರೆ. ಆಮೇಲೆ ಎರಡು ಸಾಲುಗಳ ನಡುವಿನ ಗೋಡೆಯನ್ನ ಸರಿಯಾಗಿ ಅಷ್ಟೇ ಹೊತ್ತು ತಗ್ಗಿಸ್ತಾರೆ, ಪ್ರತಿ ಪರಮಾಣುವಿಗೂ ಇಲ್ಲೇ ಇರೋ ಸಾಧ್ಯತೆ ಅರ್ಧ, ಪಕ್ಕದ ಸಾಲಿಗೆ ಹೋಗೋ ಸಾಧ್ಯತೆ ಅರ್ಧ ಆಗೋ ಹಾಗೆ.

ಈಗ ಬರೋ ಹೆಸರು ನಮ್ಮ ದೇಶದವರದ್ದು. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನ ಎಣಿಸೋಕೆ ಹೊಸ ಲೆಕ್ಕ ಬರೆದು ಐನ್‌ಸ್ಟೈನ್‌ಗೆ ಕಳಿಸಿದ್ರು. ಒಂದರಿಂದ ಒಂದನ್ನ ಬೇರೆ ಮಾಡಿ ಗುರುತಿಸೋಕೇ ಆಗದ ಕಣಗಳ ಲೆಕ್ಕ ಅದು. ಆ ಲೆಕ್ಕ ಪಾಲಿಸೋ ಕಣಗಳಿಗೆ ಬೋಸಾನ್ ಅಂತ ಅವರದೇ ಹೆಸರು. ಈ ಪ್ರಯೋಗದ ರುಬಿಡಿಯಂ ಪರಮಾಣುಗಳೂ ಬೋಸಾನ್‌ಗಳು. ತದ್ರೂಪಿ ಬೋಸಾನ್‌ಗಳು ಹೀಗೆ ಎರಡು ಕಡೆಯಿಂದ ಎದುರಾದಾಗ ಯಾವಾಗಲೂ ಜೊತೆಯಾಗಿ ಒಂದೇ ಕಡೆ ಹೋಗ್ತವೆ. ಎರಡೂ ಮೇಲಿನ ಸಾಲಿಗೆ, ಇಲ್ಲಾಂದ್ರೆ ಎರಡೂ ಕೆಳಗಿನ ಸಾಲಿಗೆ. ಒಂದೊಂದಾಗಿ ಹಂಚಿಕೊಳ್ಳಲ್ಲ.

ಹಾಗಾದ್ರೆ ಕೊನೆಗೆ ಒಂದು ಸಾಲನ್ನ ಎಣಿಸಿದಾಗ ಏನು ಸಿಗಬೇಕು? ಎರಡೂ ಪ್ರತಿಗಳು ಅಪ್ಪಟ ತದ್ರೂಪಿ ಆಗಿದ್ದರೆ ಯಾವಾಗಲೂ ಸಮಸಂಖ್ಯೆ. ಬೆಸ ಬಂದ್ರೆ ಎಲ್ಲೋ ಹೊಂದಿಲ್ಲ ಅಂತ. ಸಮ ಬಂದ್ರೆ +1, ಬೆಸ ಬಂದ್ರೆ −1 ಅಂತ ಬರೀತಾ ಹೋಗಿ, ಸಾವಿರಾರು ಸಲ ಮಾಡಿ ಸರಾಸರಿ ತಗೊಳ್ಳಿ. ಆ ಸರಾಸರಿಯೇ ಶುದ್ಧತೆ. ಉದಾಹರಣೆಗೆ 100ರಲ್ಲಿ 75 ಸಲ ಸಮ, 25 ಸಲ ಬೆಸ ಬಂದ್ರೆ 0.75 ಕಳೆ 0.25, ಉತ್ತರ 0.5. ನಮ್ಮ ಮಾಮೂಲಿ ನಾಣ್ಯದ ಲೆಕ್ಕ!

ಇದರ ಚಂದ ಏನಂದ್ರೆ, ಎಣಿಸುವಾಗ ಪೂರ್ತಿ ಸಾಲನ್ನೂ ಎಣಿಸಬಹುದು, ಅದರ ಎಡ ಅರ್ಧವನ್ನ ಮಾತ್ರವೂ ಎಣಿಸಬಹುದು. ಒಂದೇ ಡೇಟಾದಿಂದ ಕಂಪನಿ ಲೆಕ್ಕವೂ ಸಿಕ್ತು, ಬ್ರಾಂಚ್ ಲೆಕ್ಕವೂ ಸಿಕ್ತು. ಪರಮಾಣುಗಳು ಓಡಾಡೋ ಸ್ಥಿತಿಯಲ್ಲಿ, ಅಂದ್ರೆ ಸೂಪರ್‌ಫ್ಲೂಯಿಡ್‌ನಲ್ಲಿ, ಪೂರ್ತಿಗಿಂತ ಅರ್ಧದ ಎಂಟ್ರೊಪಿ ಹೆಚ್ಚು ಅಂತ ಕಾಣಿಸ್ತು. ಶ್ರೋಡಿಂಗರ್ ಹೇಳಿದ 80 ವರ್ಷಕ್ಕೆ, ಓಡಾಡೋ ಪರಮಾಣುಗಳ ಗುಂಪಿನಲ್ಲಿ ಅದು ಎಣಿಸಿ ತೋರಿಸೋ ಅಳತೆಯಾಯ್ತು.

ಮೋಸ ಹೋಗೋ ಜಾಗ

ಇಲ್ಲಿ ಒಂದು ನಿಮಿಷ ನಿಲ್ಲೋಣ.

ಹುಬ್ಬಳ್ಳಿ ಬ್ರಾಂಚ್‌ನ ಪುಸ್ತಕ ಗೊಂದಲಮಯ ಅಂದ ಮಾತ್ರಕ್ಕೆ ಅಲ್ಲಿ ಏನೋ ಅದ್ಭುತ ನಡೀತಿದೆ ಅಂತಲ್ಲ. ಬರೆಯೋನು ಸರಿಯಾಗಿ ಬರೆದಿಲ್ಲದೇ ಇರಬಹುದು. ಲ್ಯಾಬ್‌ನಲ್ಲೂ ಅಷ್ಟೆ. ಲೇಸರ್ ಸ್ವಲ್ಪ ಅಲ್ಲಾಡಿದ್ರೆ, ಒಂದು ಪರಮಾಣು ತಪ್ಪಿಸಿಕೊಂಡರೆ, ಹೊರಗಿನ ಶಾಖ ಒಳಗೆ ಬಂದ್ರೆ ಭಾಗದ ಶುದ್ಧತೆ ಇಳಿಯುತ್ತೆ. ಅದು ಎಂಟ್ಯಾಂಗಲ್‌ಮೆಂಟ್ ಅಲ್ಲ, ಬರೀ ಗಲೀಜು.

ಎರಡನ್ನೂ ಬೇರೆ ಮಾಡೋದು ಪೂರ್ತಿ ಲೆಕ್ಕ. ಭಾಗದ ಶುದ್ಧತೆ 0.5, ಪೂರ್ತಿಯದ್ದು 0.9 ಅಂತ ಅಂದ್ಕೊಳ್ಳಿ. ಆಗ ಎಂಟ್ಯಾಂಗಲ್‌ಮೆಂಟ್ ಇರಲೇಬೇಕು, ಬೇರೆ ದಾರಿ ಇಲ್ಲ. ಭಾಗದ್ದು 0.5, ಪೂರ್ತಿಯದ್ದು 0.3 ಅಂದ್ರೆ? ಈ ಪರೀಕ್ಷೆಯಿಂದ ಏನೂ ಹೇಳೋಕಾಗಲ್ಲ. ಇದ್ದರೂ ಇರಬಹುದು, ಬರೀ ಗಲೀಜೂ ಇರಬಹುದು. ಹಾಗಾಗಿ ಭಾಗದ ಎಂಟ್ರೊಪಿಯನ್ನ ಮಾತ್ರ ತೋರಿಸಿ ಪೂರ್ತಿಯದ್ದನ್ನ ತೋರಿಸದೇ ಇದ್ದರೆ ಆಡಿಟ್ ಅರ್ಧಕ್ಕೇ ನಿಂತ ಹಾಗೆ.

2016ರಲ್ಲಿ ಅದೇ ಹಾರ್ವರ್ಡ್ ತಂಡ ಸಾಲಿಗೆ 6 ಪರಮಾಣು ಇಟ್ಟು ಇನ್ನೂ ಸೊಗಸಾದದ್ದನ್ನ ತೋರಿಸ್ತು. ಗುಳಿಯ ಆಳವನ್ನ ದಿಢೀರ್ ಅಂತ ತಗ್ಗಿಸಿ ಬಿಟ್ಟು ನೋಡಿದ್ರು. ಸ್ವಲ್ಪ ಹೊತ್ತಿಗೆ ಸಾಲಿನ ಸಣ್ಣ ಭಾಗ ನೋಡಿದ್ರೆ ಬಿಸಿ ಕಾಫಿ ಥರ, ಶಾಖ ತುಂಬಿಕೊಂಡ ವಸ್ತುವಿನ ಹಾಗೆ ಕಾಣ್ತಿತ್ತು. ಪೂರ್ತಿ ಸಾಲು ನೋಡಿದ್ರೆ ಮೊದಲಿನಷ್ಟೇ ಶುದ್ಧ. ಹೊರಗಿನಿಂದ ಯಾವ ಗಲೀಜೂ ಬಂದಿಲ್ಲ. ಭಾಗಕ್ಕೆ ಆ ಅಸ್ತವ್ಯಸ್ತತೆ ಬಂದದ್ದು ಉಳಿದ ಭಾಗಗಳ ಜೊತೆಗಿನ ಹೆಣಿಗೆಯಿಂದ. ನೂರೈವತ್ತು ವರ್ಷದಿಂದ ಶಾಖದ ಪಾಠದಲ್ಲಿ ಬರೋ ಎಂಟ್ರೊಪಿ, ಹೊರಜಗತ್ತಿನಿಂದ ಬೇರ್ಪಟ್ಟ ವ್ಯವಸ್ಥೆಯೊಳಗೆ ಎಲ್ಲಿಂದ ಹುಟ್ಟಬಹುದು ಅನ್ನೋದಕ್ಕೆ 6 ಪರಮಾಣು ಸುಳಿವು ಕೊಟ್ಟವು.

ಎರಡನೇ ಪ್ರತಿ ಇಲ್ಲದಿದ್ರೆ?

ಎಲ್ಲಾ ಯಂತ್ರದಲ್ಲೂ ಎರಡು ಪ್ರತಿ ಪಕ್ಕಪಕ್ಕ ಇಡೋಕಾಗಲ್ಲ. 2019ರಲ್ಲಿ ಇನ್ಸ್‌ಬ್ರುಕ್‌ನವರು ಅದಕ್ಕೂ ದಾರಿ ತೋರಿಸಿದ್ರು. 20 ಕ್ಯಾಲ್ಸಿಯಂ ಅಯಾನುಗಳ ಸಾಲು. ಪ್ರತಿ ಅಯಾನನ್ನೂ ಲಾಟರಿ ಎತ್ತಿದ ಹಾಗೆ ಯಾವುದೋ ಒಂದು ಕೋನಕ್ಕೆ ತಿರುಗಿಸೋದು, ಅಳೆಯೋದು, ಮತ್ತೆ ಬೇರೆ ಕೋನ.

ಒಂದೇ ಕ್ಯೂಬಿಟ್ ತಗೊಂಡ್ರೆ ಇದು ಅರ್ಥ ಆಗುತ್ತೆ. ಅದು ಅಪ್ಪಟವಾಗಿದ್ದರೆ, ಒಂದು ಕೋನದಿಂದ ನೋಡಿದಾಗ ನೂರಕ್ಕೆ ನೂರು ಒಂದೇ ಉತ್ತರ, ಇನ್ನೊಂದು ಕೋನದಿಂದ 50-50, ಮತ್ತೊಂದರಿಂದ 80-20. ಅಂಕಿಗಳು ಏರಿಳೀತವೆ. ಪೂರ್ತಿ ಬೆರಕೆಯಾಗಿದ್ದರೆ ಎಲ್ಲಿಂದ ನೋಡಿದ್ರೂ 50-50. ಏರಿಳಿತವೇ ಇಲ್ಲ. ಅಂದ್ರೆ ಏರಿಳಿತ ಎಷ್ಟಿದೆ ಅಂತ ನೋಡಿದ್ರೆ ಶುದ್ಧತೆ ಗೊತ್ತಾಗುತ್ತೆ. ಮುಂಚೆ ಹೇಳದೆ ಬಂದು ಅಲ್ಲೊಂದು ಇಲ್ಲೊಂದು ಬಿಲ್ ಕೇಳೋ ಆಡಿಟರ್ ಇದ್ದ ಹಾಗೆ.

ಹೀಗೆ ಮಾಡಿ 10 ಅಯಾನುಗಳವರೆಗಿನ ಭಾಗಗಳ ಎಂಟ್ರೊಪಿ ಅಳೆದ್ರು. ಇದೂ ಪುಕ್ಕಟೆ ಅಲ್ಲ. ಭಾಗ ದೊಡ್ಡದಾದಂತೆ ಬೇಕಾದ ಅಳತೆಗಳು ದುಪ್ಪಟ್ಟು ದುಪ್ಪಟ್ಟಾಗಿ ಬೆಳೀತಾನೇ ಇರ್ತವೆ, ಟೊಮೊಗ್ರಫಿಗಿಂತ ನಿಧಾನವಾಗಿ ಅಷ್ಟೆ. ನೂರು ಕ್ಯೂಬಿಟ್‌ನ ಅರ್ಧವನ್ನ ಹೀಗೆ ಅಳೆಯೋದು ಆಗದ ಮಾತು.

ನಮಗೇನಾಗಬೇಕು ಇದರಿಂದ?

2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಡ್ತು. 6,003.65 ಕೋಟಿ ರೂಪಾಯಿ, 2030-31ರ ತನಕ. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್‌ನ ಯಂತ್ರಗಳು ಗುರಿ. ಅದರಲ್ಲಿ ಕಂಪ್ಯೂಟಿಂಗ್‌ನ ಕೇಂದ್ರ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಇದು ನಿಮ್ಮ ನನ್ನ ತೆರಿಗೆ ಹಣ. ಮುಂದಿನ ವರ್ಷಗಳಲ್ಲಿ ಕ್ಯೂಬಿಟ್ ಸಂಖ್ಯೆಯ ಹೆಡ್‌ಲೈನ್‌ಗಳು ತುಂಬಾ ಬರ್ತವೆ, ಪ್ರಪಂಚದ ಎಲ್ಲ ಕಡೆಯಿಂದ.

ಆದ್ರೆ ಕ್ಯೂಬಿಟ್ ಸಂಖ್ಯೆ ಅಂದ್ರೆ ಅಂಗಡಿಯಲ್ಲಿ ಎಷ್ಟು ಕುರ್ಚಿ ಇದೆ ಅನ್ನೋ ಲೆಕ್ಕ. ವ್ಯಾಪಾರ ಎಷ್ಟು ಅನ್ನೋದು ಬೇರೆ. 2003ರಲ್ಲಿ ಗಿಫ್ರೆ ವಿದಾಲ್ ತೋರಿಸಿದ ಒಂದು ಫಲಿತಾಂಶ ಇದೆ: ಶುದ್ಧ ಸ್ಥಿತಿಯಲ್ಲಿ ನಡೆಯೋ ಕ್ವಾಂಟಮ್ ಲೆಕ್ಕದಲ್ಲಿ ಎಂಟ್ಯಾಂಗಲ್‌ಮೆಂಟ್ ಉದ್ದಕ್ಕೂ ಕಡಿಮೆಯೇ ಇದ್ದರೆ, ಅದನ್ನ ಮಾಮೂಲಿ ಕಂಪ್ಯೂಟರ್‌ನಲ್ಲೇ ಚೆನ್ನಾಗಿ ಮಾಡಬಹುದು. ಕೋಟಿಗಟ್ಟಲೆ ಖರ್ಚಿನ ಯಂತ್ರ ಬೇಕಾಗಿಲ್ಲ. ಇದರ ತಿರುಗುಮುರುಗು ಮಾತ್ರ ನಿಜ ಅಲ್ಲ. ಎಂಟ್ಯಾಂಗಲ್‌ಮೆಂಟ್ ತುಂಬಾ ಇದ್ದೂ ಮಾಮೂಲಿ ಕಂಪ್ಯೂಟರ್ ಸುಲಭವಾಗಿ ಲೆಕ್ಕ ಹಾಕಬಲ್ಲ ಸ್ಥಿತಿಗಳೂ ಇವೆ. ಹಾಗಾಗಿ ಅದು ಇರಲೇಬೇಕು, ಆದ್ರೆ ಅದೊಂದೇ ಸಾಲದು.

ಮುಂದಿನ ಸಲ ಇಂಥ ಸುದ್ದಿ ಬಂದಾಗ, ಇಲ್ಲಾ ಯಾರಾದ್ರೂ ಕ್ವಾಂಟಮ್ ಕೋರ್ಸ್, ಕ್ವಾಂಟಮ್ ಷೇರು ಅಂತ ನಿಮ್ಮ ಹತ್ತಿರ ದುಡ್ಡು ಕೇಳಿದಾಗ, ಮೂರು ಪ್ರಶ್ನೆ ಇಟ್ಕೊಳ್ಳಿ. ಎಷ್ಟು ಕ್ಯೂಬಿಟ್ ಇದೆ ಅಂತ ಅಲ್ಲ, ಎಷ್ಟು ಒಟ್ಟಿಗೆ ಹೆಣೆದುಕೊಂಡಿವೆ? ಅದನ್ನ ಅಳೆದ್ರಾ, ಇಲ್ಲಾ ಹಾಗಿರಬೇಕು ಅಂತ ಅಂದಾಜಾ? ಅಳೆದಿದ್ರೆ, ಭಾಗದ ಜೊತೆ ಪೂರ್ತಿ ಲೆಕ್ಕವನ್ನೂ ತೋರಿಸಿದ್ರಾ?

ವಾಯ್ಸ್ ನೋಟ್ ಕಳಿಸಿದ ತಮ್ಮ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟು: ಮೀಟರ್ ಇಲ್ಲ ಕಣೋ, ಲೆಕ್ಕ ಇದೆ. ಎರಡು ಸಾಲು ಇಟ್ಟು, ಸಮ-ಬೆಸ ಎಣಿಸಿ, ಭಾಗವನ್ನ ಪೂರ್ತಿಯ ಜೊತೆ ಹೋಲಿಸಿ ನೋಡಿದೋರಿದ್ದಾರೆ.

ಮುಂದಿನ ವಾರ, ಕ್ಯೂಬಿಟ್ ಯಾಕೆ ಅಷ್ಟು ಬೇಗ ಕೆಡುತ್ತೆ, ಕೆಟ್ಟದ್ದನ್ನ ಸರಿ ಮಾಡೋದು ಹೇಗೆ ಅಂತ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ. ಸಿಗೋಣ.